ಹುಳ ಹಣ್ಣಾದ ದಿನ ಬಂದ ಟೀಚರ್

ಜೂನ್ 3, ಮಂಗಳವಾರ

ನನ್ನ ಮಗಳು ಕವನಳ ಹೆಸರು ಗೃಹಾಧಾರಿತ ಶಿಕ್ಷಣಕ್ಕೆ ಹೋಗಿದೆ. ತಿಳಿಸಿದವರು ನಮ್ಮೂರ ಶಾಲೆಯ ಹೆಡ್‌ಮಾಸ್ಟರ್ ಬೋರಲಿಂಗಯ್ಯ, ಫೋನಿನಲ್ಲಿ. ಅಂದರೆ ಟೀಚರ್ ಆಗಾಗ ಮನೆಗೆ ಬಂದು ಹೇಳಿಕೊಡುತ್ತಾರೆ. ಅವಳು ಒಂದನೇ ಕ್ಲಾಸಿನಲ್ಲಿ ಕೂರುವುದಿಲ್ಲ. ಅವಳನ್ನು ನೋಡಲು ಬಂದ ಟೀಚರನ್ನು ಮನೆಯವರು ವಾಪಸ್ ಕಳಿಸಿದರಂತೆ. ಶಾಲೆಗೆ ಕಳಿಸಲು ನಮಗೇ ಇಷ್ಟವಿಲ್ಲ ಎಂದುಕೊಂಡಿದ್ದಾರೆ.

ಯಾರು ಬಂದಿದ್ದರು? ನನಗೆ ಗೊತ್ತೇ ಇಲ್ಲ.

ಕವನಳಿಗೆ ಹೇಳಿಲ್ಲ. ನಡೆಯಲಾಗದು, ಕೈ ಬಿಗಿ, ಮಾತು ನಿಧಾನ... ಆದರೂ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು 'ಎಸ್ ಮಿಸ್' ಅನ್ನುವುದನ್ನು ಕಲಿಯುತ್ತಿದ್ದಾಳೆ.

ಅದೇ ದಿನ, ಸಂಜೆ

ಬಂದದ್ದು ನಿಜ. ಅತ್ತೆಯೇ ಒಪ್ಪಿಕೊಂಡರು. ಹೋದ ತಿಂಗಳು ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದ ದಿನ. ನಾವೆಲ್ಲ ಒಳಗೆ. ಬಾಗಿಲಲ್ಲಿ ಅತ್ತೆ ಕಾವಲು. ಆ ದಿನ ಹೊರಗಿನವರನ್ನು ಬಿಡುವುದಿಲ್ಲ, ವಾಸನೆಯನ್ನಂತೂ ಬಿಡುವುದೇ ಇಲ್ಲ; ತಗುಲಿದರೆ ಹುಳ ಕೆಡುತ್ತವೆ.

"ಗಮ್ಮಂತ ಸೆಂಟ್ ಹಾಕ್ಕೊಂಡು ಬಂದಿದ್ರು ಕಣವ್ವ. ಈಗ ಆಗಕ್ಕಿಲ್ಲ, ಓಗಿ ಅಂದ್ಬುಟ್ಟೆ. ಯಾರು ಏನು ಅಂತ ಕೇಳ್ನಿಲ್ಲ."

ಕೇಳಬೇಕಿತ್ತು. ಆದರೆ ಬಾಗಿಲಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ.

ಜೂನ್ 5, ಗುರುವಾರ

ಆ ಟೀಚರನ್ನು ನೋಡಲು ಹೊಂಗನೂರು ಬಸ್ಸಿನಲ್ಲಿ ಚನ್ನಪಟ್ಟಣದ ಶಿಕ್ಷಣ ಇಲಾಖೆ ಕಚೇರಿಗೆ ಹೋಗಿ ಬಂದೆ. ಟೀಚರ್ ಹೆಸರು ಗಿರಿಜಾಂಬ, ರಾಮನಗರದವರು; ಅಂಗವಿಕಲ ಮಕ್ಕಳಿಗೆಂದೇ ಇಡೀ ತಾಲ್ಲೂಕಿಗೆ ಇರುವವರು. ಗೂಡಿನ ಮಾರುಕಟ್ಟೆ ನೋಡಿದ್ದಾರೆ, ಹುಳದ ಮನೆ ನೋಡಿಲ್ಲ. ನಡೆದದ್ದನ್ನು ಹೇಳಿದೆ.

"ನನ್ನ ಸೆಂಟಿಗೆ ನಿಮ್ಮ ಮಗು ಮನೇಲಿ ಕೂತ್ಕೋಬೇಕಾ?"

ಆರರಿಂದ ಹದಿನೆಂಟು ವರ್ಷದ ಇಂಥ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ, ಅದು ಕಾನೂನು ಎಂದರು. ಮುಂದಿನ ವಾರ ಬರುತ್ತಾರೆ.

ಜೂನ್ 12, ಗುರುವಾರ

ಬಂದರು. ಹೊಸ ಹುಳ ಮನೆಯಲ್ಲಿವೆ. ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆಸಿ, ಹತ್ತಿರ ನಿಂತು ಮೂಸಿ ನೋಡಿದ ಮೇಲೆ ಅತ್ತೆ ಜಗಲಿಗೆ ಬಿಟ್ಟರು. "ಇವತ್ತು ಪರ್ವಾಗಿಲ್ಲ." ಟೀಚರ್ ನಕ್ಕರು. ನನಗೆ ಜೀವ ಬಂತು.

ಹೆಸರು ಹೇಳಲು ಕವನ ಬಹಳ ಹೊತ್ತು ತೆಗೆದುಕೊಂಡಳು. ಟೀಚರ್ ಕಾದರು. ಮಧ್ಯೆ ಬಾಯಿ ಹಾಕಲಿಲ್ಲ.

ಅತ್ತೆಯದು ಒಂದೇ ಪ್ರಶ್ನೆ: "ಉಚ್ಚೆ ಬಂದ್ರೆ ಎತ್ಕೊಂಡೋಗೋರು ಯಾರು?" ಶಾಲೆಗೆ ಆಯಾ ಕೊಡಿ ಎಂದು ಟೀಚರ್ ಇಲಾಖೆಗೆ ಬರೆಯುತ್ತಾರಂತೆ. ಅಲ್ಲಿಯವರೆಗೆ ಮನೆಯವರು ಯಾರಾದರೂ ಬೇಕು.

"ನಾನೇ ಬತ್ತೀನಿ ಬುಡಿ."

ಜೂನ್ 20, ಶುಕ್ರವಾರ

ಕವನ ಒಂದನೇ ಕ್ಲಾಸಿಗೆ ಸೇರಿದ್ದಾಳೆ. ತಿಳಿಸಿದವರು ಬೋರಲಿಂಗಯ್ಯ. ಈ ಸಲ ಖುದ್ದಾಗಿ ಬಂದು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಅಲ್ಲಿಂದಲೇ ಹೇಳಿದರು. ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಹೋಗಲಿ.

ಜೂನ್ 23, ಸೋಮವಾರ

ಮೊದಲ ದಿನ. ಅತ್ತೆ ಎತ್ತಿಕೊಂಡು ಹೋಗಿ ಬೆಂಚಿನಲ್ಲಿ ಪಕ್ಕದಲ್ಲೇ ಕೂತರಂತೆ. ಮಕ್ಕಳೆಲ್ಲ ಅಜ್ಜಿಯನ್ನೇ ನೋಡುತ್ತಿದ್ದಾರೆ, ಪಾಠ ನಡೆಯುತ್ತಿಲ್ಲ ಎಂದು ಕ್ಲಾಸಿನ ಮಿಸ್ ವರಾಂಡದಲ್ಲಿ ಕುರ್ಚಿ ಹಾಕಿಸಿದರಂತೆ.

"ಒಳಿಕ್ಕೆ ಬರಂಗಿಲ್ವಂತೆ ಕಣವ್ವ. ನನ್ನೇ ಬಾಗ್ಲಾಗೆ ನಿಲ್ಲಿಸ್ಬುಟ್ರು." ಹೇಳುತ್ತಾ ಅವರೇ ನಕ್ಕರು.

ಹಾಜರಿ ಕೂಗಿದಾಗ ಕವನಳ 'ಎಸ್ ಮಿಸ್' ತಡವಾಗಿ ಬಂತಂತೆ. ಮಿಸ್ ಕಾದರು. ಮಕ್ಕಳೂ ಕಾದರು. ಅತ್ತೆ ಬಾಗಿಲಿನಿಂದ ಕೇಳಿಸಿಕೊಂಡರು.

ಶಾಲೆಗೆ ರ್‍ಯಾಂಪ್ ಇನ್ನೂ ಇಲ್ಲ. ಗುರುವಾರ ಹನ್ನೊಂದಕ್ಕೆ ಶಾಲಾಭಿವೃದ್ಧಿ ಸಮಿತಿ, ಎಸ್‌ಡಿಎಂಸಿಯ ಸಭೆ. ರ್‍ಯಾಂಪ್ ವಿಷಯ ಇಟ್ಟಿದ್ದಾರೆ. ನಾನೂ ಅತ್ತೆಯೂ ಹೋಗುತ್ತೇವೆ.