ಹನ್ನೊಂದನೇ ವಾರದ ಖಾಲಿ ಸಾಲುಗಳು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನಿನ್ನ ಮೊಮ್ಮಗಳು ಈಗಷ್ಟೇ ನಿದ್ದೆ ಹೋಗಿದ್ದಾಳೆ. ಎದ್ದರೆ ಕಾಗದ ಅರ್ಧಕ್ಕೇ ನಿಂತೀತು. ಫೋನ್ ಮಾಡಬಹುದಿತ್ತು; ಆದರೆ ದನಿ ಕೇಳಿದರೆ ಸಾಕು, ನೀನು ನನ್ನ ಹೊಟ್ಟೆಯೊಳಗಿನದ್ದನ್ನೆಲ್ಲ ಹೊರಗೆಳೆಯುತ್ತೀಯ.

ಪಿಎಚ್‌ಡಿ ಸೀಟು ಸಿಕ್ಕಿದೆ. ಬಯೋಇನ್ಫರ್ಮ್ಯಾಟಿಕ್ಸ್. ಜೀವಿಗಳ ವಂಶವಾಹಿಗಳನ್ನು ಕಂಪ್ಯೂಟರಿನಲ್ಲಿ ಓದುವ ಕೆಲಸ ಎಂದು ಹಿಂದೊಮ್ಮೆ ಹೇಳಿದ್ದೆನಲ್ಲ, ಅದೇ. ಈ ವರ್ಷ ಇದ್ದದ್ದು ಒಂದೇ ಸೀಟು. ಮುಂದಿನ ಒಂದನೇ ತಾರೀಖಿಗೆ ಸೇರದಿದ್ದರೆ ಇನ್ನೊಬ್ಬರ ಪಾಲು.

ಸಿಕ್ಕಿದ ಬಗೆ ಕೇಳಿದರೆ ನಗುತ್ತೀಯ. ಒಂದು ಬ್ಯಾಕ್ಟೀರಿಯಾದ ಅಂಕಿಅಂಶ ಕೊಟ್ಟು, ನಕ್ಷೆ ಬರೆದು ಸಂದರ್ಶನಕ್ಕೆ ಮುಂಚೆ ಕಳಿಸಿ ಎಂದಿದ್ದರು. ನನಗೋ ಐದು ತಿಂಗಳಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ಪಾಪು ಮಲಗಿದ್ದು, ಎದ್ದದ್ದು, ಹಾಲು ಕುಡಿದದ್ದು ಎಲ್ಲವನ್ನೂ ಅದೇ ಕಂಪ್ಯೂಟರಿನಲ್ಲಿ ಬರೆದಿಡುತ್ತೇನೆ. ಕಾಲೇಜಿನ ಚಾಳಿ, ಅದಕ್ಕೂ ಒಂದು ನಕ್ಷೆ. ನಿದ್ದೆಗಣ್ಣಲ್ಲಿ ಬ್ಯಾಕ್ಟೀರಿಯಾದ್ದರ ಬದಲು ಕಳಿಸಿದ್ದು ಅದನ್ನು!

ಗೋಡೆಯಗಲದ ಪರದೆಯ ಮೇಲೆ ಅದು ಮೂಡಿದಾಗ ನೆಲ ಬಿರಿದು ನುಂಗಬಾರದೇ ಅನ್ನಿಸಿತು. "ಇದ್ಯಾವ ಜೀವಿ?" ಎಂದರು ಗೈಡ್ ಮೇಡಂ. "ನನ್ನ ಮಗಳು, ಮೇಡಂ" ಎಂದೆ. ಪಕ್ಕದ ಹಿರಿಯ ಪ್ರೊಫೆಸರು, "ಏನಮ್ಮ, ಈ ಜೀವಿ ಮಲಗೋದೇ ಇಲ್ವಾ?" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮೇಡಂ ನಗಲಿಲ್ಲ. ಹನ್ನೊಂದನೇ ವಾರದ ಸಾಲುಗಳೆಲ್ಲ ಯಾಕೆ ಖಾಲಿ ಎಂದು ಕೇಳಿದರು. ನನಗೆ ಜ್ವರ ಬಂದಿತ್ತು, ಬರೆಯಲಿಲ್ಲ ಎಂದೆ.

"ಹಿಂದಿನ ವಾರ, ಮುಂದಿನ ವಾರ ನೋಡಿ ಅಂದಾಜಿಗೆ ತುಂಬಿಸ್ಬೋದಿತ್ತಲ್ಲ? ಎಷ್ಟೋ ಜನ ಅದನ್ನೇ ಮಾಡ್ತಾರೆ."

"ನೋಡದೇ ಇದ್ದದ್ದನ್ನ ಹೇಗೆ ಬರೀಲಿ ಮೇಡಂ?"

ಅವರು ಏನೋ ಗುರುತು ಹಾಕಿಕೊಂಡರು. ಆಮೇಲೆ ಸರಿಯಾದ ನಕ್ಷೆ ತೆರೆದು ವಿವರಿಸಿದೆ. ಸಂಜೆಗೆ ಆಯ್ಕೆಯ ಪತ್ರ ಬಂತು. "ಖಾಲಿಯನ್ನು ಖಾಲಿ ಬಿಡುವವರು ಬೇಕಾಗಿತ್ತು" ಎಂದು ಕೆಳಗೆ ಒಂದು ಸಾಲು.

ಹೋದ ತಿಂಗಳು ನೀನು, "ಹಸುಗೂಸು ಬಿಟ್ಟು ಅದ್ಯಾವ ಸೀಮೆ ಓದೇ? ವರ್ಷ ತುಂಬ್ಲಿ, ಆಮೇಲೆ ನೋಡೋಣ" ಅಂದಿದ್ದೆ. ತಪ್ಪು ಅನ್ನುವುದಿಲ್ಲ. ಆದರೆ ಒಂದು ಆರು ತಿಂಗಳು ನೀನು ಬಂದು ಇದ್ದರೆ ಸಾಕು. ನಿನ್ನ ಅಳಿಯಂದಿರು ಪಾಳಿ ಬದಲಾಯಿಸಿಕೊಳ್ಳುತ್ತಾರಂತೆ. ಬರಲಾಗದಿದ್ದರೆ ಬೇಜಾರಿಲ್ಲ. ಬೇಜಾರಿಲ್ಲ ಎಂದು ಬರೆದೆ, ಅಷ್ಟೇ.

ಎದ್ದಳು. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ
ಗುಬ್ಬಿ

ಮಡಿಸುವ ಮುಂಚೆ ಇನ್ನೊಂದು: ಆ ಹನ್ನೊಂದನೇ ವಾರ ನನಗೆ ಜ್ವರ ಇರಲಿಲ್ಲ ಅಮ್ಮ. ಏಳು ದಿನ ಪಾಪುವನ್ನು ಎತ್ತಿಕೊಳ್ಳಲೂ ಮನಸ್ಸಾಗದೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಎಲ್ಲ ಇವರೇ ನೋಡಿಕೊಂಡರು. ನೀನು ದಿನಾ ಫೋನ್ ಮಾಡಿ ಕುಡಿದಳಾ, ಮಲಗಿದಳಾ ಎಂದು ಕೇಳಿದೆ. ನಾನು ದಿನಾ ಗಂಟೆ ಸಮೇತ ಹೇಳಿದೆ. ಎಲ್ಲ ಅಂದಾಜಿಗೆ ತುಂಬಿಸಿದ್ದು. ಬಾ ಅಮ್ಮ.