ಮಂದೆ ಮೇಯ್ದ ಹಿತ್ತಲು

ವಳ್ಳೂರು ಹಟ್ಟಿ,
ಪಾವಗಡ ತಾಲ್ಲೂಕು.
ಬುಧವಾರ, ೩-೯-೨೦೨೫

ಪ್ರೀತಿಯ ಪುಟ್ಟಕ್ಕನಿಗೆ,

ಪ್ರೀತಿಯ ಎಂದು ಬರೆಯಲೇಬೇಕು ಎಂದವಳು ಮೊಮ್ಮಗಳು ಲಾವಣ್ಯ. ನಲವತ್ತನಾಲ್ಕು ವರ್ಷ ಒಂದೇ ಒಲೆಯ ಮುದ್ದೆ ತಿಂದ ಗಂಡ ಹೆಂಡತಿಗೆ ಇದೊಂದು ಬೇರೆ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಬಿಸಾಕಿ ಕುರಿ ಹಿಂದೆ ಹೋದವನ ಕೈಗೆ ಅರವತ್ತೆಂಟನೇ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯ. ಇಷ್ಟು ಬರೆಯುವಷ್ಟರಲ್ಲಿ ಒಂದು ಸಾಲು ಬದನೆಗೆ ನೀರು ಹಾಕಿ ಬರುತ್ತಿದ್ದೆ. ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಲಾವಣ್ಯಳ ಕೈಗೆ ಕೊಟ್ಟು ಎದ್ದು ಹೋಗುತ್ತೀಯ. "ನಿಮ್ ತಾತ ಇವತ್ತಾಡಿದ್ ಮಾತ ನಾಳೀಕೆ ಆಡೇ ಇಲ್ಲ ಅಂತಾನೆ ಕಣಮ್ಮ. ತಪ್ಪು ನಂದು ಅಂತ ಅವನ ಕೈಯಾಗೇ ಕಾಗದ ಬರೀಲಿ, ಆಮೇಲೆ ಬಸ್ಸು ಹತ್ತೋ ಮಾತು" ಎಂದೆಯಂತೆ. ಸರಿ, ಕಾಗದ ಬರೆಯುತ್ತಿದ್ದೇನೆ. ಅದರಲ್ಲಿ ಏನು ಬರೆಯಬೇಕು ಎನ್ನುವುದು ನನ್ನಿಷ್ಟ.

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಕೊರಟಗೆರೆಯಲ್ಲಿ ಸರೋಜನ ಮನೆಗೆ ಹದಿನೆಂಟು ಮೆಟ್ಟಿಲು. ಮಗಳ ಮನೆಯಲ್ಲಿ ಸುಮ್ಮನೆ ಕೂರುವುದು ಹೇಗೆ ಎಂದು ನೀನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿರುತ್ತೀಯ, ನನಗೆ ಗೊತ್ತು. ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಸರೋಜನಿಗೂ ಅಳಿಯನಿಗೂ ಮೈಯಲ್ಲಿ ಸೌಖ್ಯವೇ? ಲಾವಣ್ಯ ಕೆಮ್ಮುತ್ತಿದ್ದಳು, ನಿಂತಿತೇ? ನಾನು ಚೆನ್ನಾಗಿದ್ದೇನೆ. ಎಡಗಡೆಯ ದವಡೆ ಹಲ್ಲೊಂದು ಬಿತ್ತು. ಅದು ಬಿದ್ದದ್ದೇ ಒಳ್ಳೆಯದಾಯಿತು, ಬಹಳ ಗೋಳು ಕೊಡುತ್ತಿತ್ತು. ಮುದ್ದೆ ನಾನೇ ತಿರುವುತ್ತೇನೆ. ಗಂಟಾಗುತ್ತದೆ, ಆದರೂ ತಿನ್ನುತ್ತೇನೆ.

ಇನ್ನು ವಿಷಯ. ಶಿವರಾತ್ರಿ ಆದ ವಾರ ನಡೆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಈ ಕಾಗದವನ್ನು ಸರೋಜನೂ ಓದುತ್ತಾಳೆ. ಅವಳ ಕಿವಿಗೆ ನೀನು ಹಾಕಿರುವುದು ನಿನ್ನ ಕಡೆಯ ಮಾತು ಮಾತ್ರ, ನನ್ನ ಕಡೆಯದೂ ಇರಲಿ. ಹೊಲವನ್ನೆಲ್ಲ ಸೋಲಾರಿಗೆ ಕೊಟ್ಟ ಮೇಲೆ ನಮಗೆ ಉಳಿದ ಮಣ್ಣೆಂದರೆ ಮನೆಯ ಹಿಂದಿನ ಹಿತ್ತಲೊಂದೇ. ಅದರಲ್ಲಿ ನೀನು ಸೊಪ್ಪುಸದೆ ಮಾಡಿಕೊಂಡಿದ್ದೆ, ನಾನು ಬೇಡ ಎನ್ನಲಿಲ್ಲ. "ಈ ಮಣ್ಣಾಗೆ ಸತುವೇ ಇಲ್ಲ ಕಣಯ್ಯಾ" ಎಂದು ಸಂಕ್ರಾಂತಿಯಿಂದ ಗೊಣಗುತ್ತಿದ್ದವಳು ನೀನೇ. ಸತುವಿಲ್ಲದ ನೆಲಕ್ಕೆ ನಮ್ಮವರು ಏನು ಮಾಡುತ್ತಾರೆ? ಮಂದೆ ನಿಲ್ಲಿಸುತ್ತಾರೆ. ನಮ್ಮಪ್ಪನನ್ನು ಹೊಲದವರು ಮನೆಗೆ ಬಂದು ಕರೆಯುತ್ತಿದ್ದರು. ರಾತ್ರಿಯೆಲ್ಲ ಕುರಿ ಹೊಲದಲ್ಲಿ ಮಲಗಲಿ, ಹಿಕ್ಕೆ ಗಂಜಲ ನೆಲಕ್ಕೆ ಬೀಳಲಿ ಎಂದು ರಾಗಿ ಅಳೆದು ಕೊಡುತ್ತಿದ್ದರು. ಊರಿನವರ ಹೊಲಕ್ಕೆಲ್ಲ ಮಂದೆ ನಿಲ್ಲಿಸಿದವನು ಸ್ವಂತ ಹೆಂಡತಿಯ ಹಿತ್ತಲಿಗೆ ನಿಲ್ಲಿಸಬಾರದೇ? ನೀನು ಸಿರಾಕ್ಕೆ ಮದುವೆಗೆ ಹೋದ ದಿನ ನೋಡಿ, ತಮ್ಮ ಅಂಜಿನಮೂರ್ತಿಯ ಎಂಬತ್ತು ಕುರಿಯನ್ನು ಹೊಡೆಸಿಕೊಂಡು ಬಂದೆ. ನೀನು ಬಂದು ನೋಡಿ ಖುಷಿಪಡುತ್ತೀಯ ಎಂದುಕೊಂಡಿದ್ದೆ. ಗಿಡಗಳ ಸುತ್ತ ಜಾಲಿ ಮುಳ್ಳು ಎಳೆದು ಕಟ್ಟಿಯೂ ಇದ್ದೆ. ಬೇಲಿ ಸಡಿಲ ಇತ್ತು ಎಂದು ನೀನು ಹೇಳುತ್ತೀಯ. ಇರಬಹುದು.

ಬೆಳಿಗ್ಗೆ ನೀನು ಬಸ್ಸಿಳಿದು ಬಂದಾಗ ಹಿತ್ತಲಲ್ಲಿ ಒಂದು ಹಸಿರೆಲೆ ಇರಲಿಲ್ಲ. ಬದನೆಗಿಡದ ಕಡ್ಡಿಗಳು ನಿಂತಿದ್ದವು. ನೀನು ಅದನ್ನೆಲ್ಲ ದಾಟಿ ನಡೆದೆ. ಮೂಲೆಗೆ ಹೋಗಿ ಬುಡಮೆಬಳ್ಳಿ ಇದ್ದ ಜಾಗ ನೋಡಿದೆ. ಬಳ್ಳಿ ಇರಲಿಲ್ಲ. ನಿಮ್ಮಮ್ಮ, ಎಂದರೆ ನನ್ನ ಸೋದರತ್ತೆ, ರಾಯಚರ್ಲಿನಿಂದ ಸೆರಗಿನಲ್ಲಿ ಕಟ್ಟಿಕೊಟ್ಟ ಬೀಜ ಅದು. ಹೊಲದ ಬದುವಿನಲ್ಲಿ ಸಿಗುವ ಪುಟ್ಟ ಸೌತೆಯಂಥ ಬುಡಮೆಕಾಯಿ ಬಾಯಿಗಿಟ್ಟರೆ ಕಹಿ, ಅತ್ತೆಯದು ತುದಿಯಲ್ಲೂ ಕಹಿಯಿಲ್ಲ. ಹಳೆಯ ಬೀಜ ಸತ್ತುಹೋಗುತ್ತದೆಂದು ಇದ್ದಷ್ಟನ್ನೂ ಆ ಸಲ ನೀನು ಬಿತ್ತಿಬಿಟ್ಟಿದ್ದೆ. ಬೀಜಕ್ಕೆಂದು ಬಳ್ಳಿಯಲ್ಲಿ ಬಿಟ್ಟಿದ್ದ ಆರು ಹಣ್ಣೂ ಕುರಿಯ ಹೊಟ್ಟೆಗೆ ಹೋದವು. ರಾಯಚರ್ಲಿನಲ್ಲಿ ಹುಡುಕೋಣವೆಂದರೆ ಅತ್ತೆಯ ಹೊಲವೂ ಈಗ ಸೋಲಾರು ಗಾಜಿನ ಕೆಳಗಿದೆ. "ನಮ್ಮವ್ವಂದು ಅಂತ ಇದ್ದಿದ್ದು ಅದೊಂದೇ ಕಣಯ್ಯಾ. ಕುರಿ ಕಾಯೋನಿಗೆ ಗಿಡದ್ ಬೆಲೆ ಏನ್ ಗೊತ್ತು? ಎಲ್ಲಿ, ಒಂದು ಕಟ್ಟು ಸೊಪ್ಪು ಬೆಳ್ದು ತೋರ್ಸು ನೋಡಾನ" ಎಂದು ಅದೇ ಚೀಲ ಹೆಗಲಿಗೆ ಹಾಕಿಕೊಂಡು ತಿರುಗಿ ಬಸ್ಸಿಗೆ ಹೋದೆ. ನೀರು ಕೂಡ ಕುಡಿಯಲಿಲ್ಲ. ನಾನು ಕರೆಯಲಿಲ್ಲ. ಕರೆಯಬೇಕಿತ್ತು ಎಂದು ಸರೋಜ ಹೇಳುತ್ತಾಳೆ. ಅವಳಿಗೆ ಹೇಳುವುದು ಸುಲಭ.

ನನ್ನ ಸಿಟ್ಟು ತಿರುಗಿದ್ದು ಅಂಜಿನಮೂರ್ತಿಯ ಮೇಲೆ. "ಲೇ, ನಿನ್ ಕುರಿ ನನ್ ಸಂಸಾರಾನೇ ತಿಂದ್ಬುಟ್ಟವೆ. ಇನ್ನು ಎಂಟು ದಿನ ನಿನ್ ರೊಪ್ಪದಾಗೆ ಬೀಳೋ ಹಿಕ್ಕೆಯೆಲ್ಲ ನನ್ ಹಿತ್ತಲಿಗೆ ಬರಬೇಕು, ಇದು ದಂಡ" ಎಂದೆ. ಅವನು, "ಅಣ್ಣಾ, ಕರೆದೋನು ನೀನು, ದಂಡ ನನಗಾ?" ಎಂದ. ಎಂದರೂ ಕುರಿ ಕೂಡುವ ರೊಪ್ಪವನ್ನು ದಿನಾ ಗುಡಿಸಿ ಎಂಟು ದಿನ ಮಂಕರಿಯಲ್ಲಿ ಹೊತ್ತು ತಂದು ಸುರಿದ. ಬೈಸಿಕೊಂಡೇ ಕೆಲಸ ಮಾಡುವವನು.

ಯುಗಾದಿ ಹೊತ್ತಿಗೆ ಬದನೆ, ಮೆಣಸಿನ ಸಸಿ ತಂದು ನೆಟ್ಟೆ. ಕುರಿಮರಿಗೆ ಹಾಲು ಹೆಚ್ಚಾದರೆ ತಪ್ಪೇನು ಎಂಬ ಲೆಕ್ಕದಲ್ಲಿ ಒಂದೊಂದು ಸಸಿಯ ಬುಡಕ್ಕೂ ಎರಡೆರಡು ಬೊಗಸೆ ಹಸಿ ಹಿಕ್ಕೆ ಹಾಕಿದೆ. ಐದನೇ ದಿನಕ್ಕೆ ಎಲ್ಲವೂ ಸುಟ್ಟು ಕರಕಲು. ಎದುರುಮನೆಯ ಚಿಕ್ಕಹನುಮಕ್ಕ ಬಾಗಿಲಲ್ಲಿ ನಿಂತು, "ಏಮಿ ಬಾವಾ, ಕುರಿ ಬಿಟ್ಟಿದ್ದನ್ನ ನೀನು ಮುಗಿಸ್ದೆಯಾ?" ಎಂದಳು. ಊರಿಗೆಲ್ಲ ಕೇಳುವ ಹಾಗೆ. ಅವಳ ಬಾಯಿ ನಿನಗೆ ಗೊತ್ತಲ್ಲ. ನಾನೂ ಏನೋ ಅಂದೆ, ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ಆದರೆ ಬುದ್ಧಿ ಹೇಳಿದವಳೂ ಅವಳೇ. ಹಸಿ ಹಿಕ್ಕೆ ಉರಿ, ತಿಪ್ಪೆಗೆ ಹಾಕಿ ಮಳೆ ಬೀಳುವವರೆಗೂ ಕೊಳೆಯಲು ಬಿಡು, ಅಲ್ಲಿಯವರೆಗೆ ಒಲೆ ಬೂದಿಯೂ ಕೆರೆಗೋಡೂ ಸಾಕು ಎಂದಳು. ಇದ್ದ ಹಿಕ್ಕೆಯನ್ನೆಲ್ಲ ಎಳೆದು ಹಿತ್ತಲ ಮೂಲೆಯ ತಿಪ್ಪೆಗೆ ಸೇರಿಸಿದೆ. ಕೆರೆಯಂಗಳದಿಂದ ಗೋಡುಮಣ್ಣು ಹೊತ್ತೆ. ಎಷ್ಟು ಮಂಕರಿ ಎಂದು ಕೇಳಬೇಡ, ಸೊಂಟ ಇನ್ನೂ ಹೇಳುತ್ತದೆ. ಮತ್ತೆ ಸಸಿ ತಂದು ನೆಟ್ಟೆ.

ಈ ಸಲ ನನಗೆ ಗೊತ್ತಿರುವ ಕೆಲಸವನ್ನು ನನಗೆ ಗೊತ್ತಿರುವ ಹಾಗೆ ಮಾಡಿದೆ. ಜೀವಮಾನವೆಲ್ಲ ಕುರಿ ಹೊರಗೆ ಹೋಗದಿರಲೆಂದು ರೊಪ್ಪ ಕಟ್ಟಿದವನು, ಈಗ ಕುರಿ ಒಳಗೆ ಬರದಿರಲೆಂದು ಬದನೆಗೆ ರೊಪ್ಪ ಕಟ್ಟಿದೆ. ಎದೆಯುದ್ದದ ಕಲ್ಲುಗೋಡೆ, ಮೇಲೆ ಎರಡು ಸುತ್ತು ಜಾಲಿ ಮುಳ್ಳು. ಬಾಗಿಲಿಗೆ ತಡಿಕೆ. ಬಚ್ಚಲ ನೀರಿಗೂ ಪಾತ್ರೆ ತೊಳೆದ ನೀರಿಗೂ ಕಾಲುವೆ ತಿರುಗಿಸಿದೆ. ಒಂದು ಚೊಂಬು ನೀರೂ ಬೀದಿಗೆ ಹೋಗುವುದಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮಂದೆ ಎಣಿಸುವ ಹಾಗೆ ಗಿಡ ಎಣಿಸುತ್ತೇನೆ. ಬದನೆ ಇಪ್ಪತ್ತೆರಡು, ಮೆಣಸಿನಕಾಯಿ ಹದಿನಾಲ್ಕು, ಹೀರೆ ಎರಡು, ತೊಂಡೆ ಒಂದು. ಒಟ್ಟು ಮೂವತ್ತೊಂಬತ್ತು ತಲೆ. ಸೊಪ್ಪಿನ ಪಾತಿಯನ್ನು ಎಣಿಸಲಾಗುವುದಿಲ್ಲ, ಕಣ್ಣಲ್ಲೇ ನೋಡಿಕೊಳ್ಳುತ್ತೇನೆ. ಒಂದು ದಿನ ಬೆಳಿಗ್ಗೆ ಮೂವತ್ತೆಂಟೇ ಬಂತು. ಎರಡು ಸಲ ಎಣಿಸಿದೆ. ತೋಳದ ಹೆಜ್ಜೆ ಹುಡುಕಿದ ಹಾಗೆ ಹುಡುಕಿದರೆ ಮೆಣಸಿನಗಿಡವೊಂದನ್ನು ಹೆಗ್ಗಣ ಬುಡಕ್ಕೆ ಕತ್ತರಿಸಿತ್ತು. ಬಿಲಕ್ಕೆ ಕಲ್ಲು ಜಡಿದೆ, ಆ ಜಾಗಕ್ಕೆ ಬೇರೆ ಸಸಿ ನೆಟ್ಟೆ. ಈಗ ಎಣಿಕೆ ನಲವತ್ತೆರಡು. ಹೆಚ್ಚಾದ ಮೂರು ತಲೆ ಎಲ್ಲಿಂದ ಬಂದವು ಎಂದು ಆಮೇಲೆ ಹೇಳುತ್ತೇನೆ.

ಈಗ ಕೇಳು. ಶ್ರಾವಣದಲ್ಲಿ ಅಂಜಿನಮೂರ್ತಿಯ ಮೊಮ್ಮಗನಿಗೆ ಹೆಸರಿಟ್ಟರು. ನೀನು ಬರಲಿಲ್ಲ. ನಲವತ್ತು ಜನರ ಊಟ. ತರಕಾರಿಗೆ ಪಾವಗಡಕ್ಕೆ ಹೊರಟಿದ್ದವನನ್ನು ಬಸ್ ಸ್ಟಾಪಿನಿಂದ ಹಿಂದಕ್ಕೆ ಕರೆದೆ. ಬದನೆಕಾಯಿ ಎರಡು ಮಂಕರಿ, ಹೀರೆಕಾಯಿ ಒಂದು ಮಂಕರಿ, ದಂಟುಸೊಪ್ಪು ಹೊರೆ, ಹಸಿಮೆಣಸಿನಕಾಯಿ ಬೇಕಾದಷ್ಟು. ಎಲ್ಲ ನಮ್ಮ ಹಿತ್ತಲಿನದೇ. ಉಪ್ಪು, ಎಣ್ಣೆ, ಬೇಳೆ ಬಿಟ್ಟು ಅಂಗಡಿಯಿಂದ ಏನೂ ಬರಲಿಲ್ಲ. ನಮ್ಮ ಹಟ್ಟಿಯಲ್ಲಿ ಮರಿ ಕೊಯ್ಯದೆ ಮಾಡಿದ ಊಟಕ್ಕೆ ಮುಖ ತಿರುಗಿಸುವವರೇ ಹೆಚ್ಚು. ಆ ದಿನ ಮೂರು ಮೂರು ಸಲ ಬದನೆಕಾಯಿ ಹುಳಿ ಹಾಕಿಸಿಕೊಂಡರು. ಚಿಕ್ಕಹನುಮಕ್ಕ ಎಲೆ ಮಡಿಸಿ ಎದ್ದು ಬಂದು, "ಬಾವಾ, ಆ ಹೀರೆದು ನಾಕು ಬೀಜ ಕೊಡು" ಎಂದು ಕೈ ಚಾಚಿದಳು. ಎಲ್ಲರ ಎದುರಿಗೆ. ಎಂಟು ಕೊಡುತ್ತೇನೆ ಎಂದೆ. ಆರು ತಿಂಗಳಲ್ಲಿ ಅವತ್ತೊಂದು ದಿನ ನನ್ನ ಸೊಂಟ ನೋಯಲಿಲ್ಲ.

ಆದರೆ ಒಂದು ಮಾತು ಹೇಳುತ್ತೇನೆ. ಕೈ ತೊಳೆದು ಹೋಗುವಾಗ ಪ್ರತಿಯೊಬ್ಬರೂ ಅಂದದ್ದು, "ಪುಟ್ಟಕ್ಕನ ಹಿತ್ತಲು ಅಂದ್ರೆ ಹಿತ್ತಲು ಕಣ್ಲಾ" ಎಂದು. ಗೋಡು ಹೊತ್ತವನು ನಾನು, ಗೋಡೆ ಕಟ್ಟಿದವನು ನಾನು, ಹೆಸರು ಕೊರಟಗೆರೆಯಲ್ಲಿ ಕೂತವಳದು. ಬಾಯಿ ತೆರೆದು ಸರಿಯಾಗಿ ಬಯ್ಯಬೇಕು ಎಂದುಕೊಂಡೆ. ಆಮೇಲೆ ಅನ್ನಿಸಿತು, ಇಷ್ಟು ವರ್ಷ ಆ ಹಿತ್ತಲಿನಿಂದ ಕಿತ್ತ ಸೊಪ್ಪನ್ನು ನಾನು ತಿಂದಿದ್ದೇನೆ. ಇದಕ್ಕೆ ನೀರು ಎಲ್ಲಿಂದ ಬಂತು, ಯಾರು ಹೊತ್ತರು ಎಂದು ಒಂದು ದಿನ ಕೇಳಿದವನಲ್ಲ. ಉಪ್ಪು ಕಡಿಮೆ ಎಂದು ಮಾತ್ರ ಹೇಳಿದ್ದೇನೆ. ಬಯ್ಯಲಿಲ್ಲ. ಇಷ್ಟನ್ನು ಸರೋಜನಿಗೆ ತೋರಿಸಬೇಡ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಸರೋಜನಿಗೂ ಅಳಿಯನಿಗೂ ನನ್ನ ಆಶೀರ್ವಾದ. ಲಾವಣ್ಯ ಚೆನ್ನಾಗಿ ಓದಲಿ, ತಾತನ ಹಾಗೆ ಸ್ಲೇಟು ಬಿಸಾಕುವುದು ಬೇಡ. ನಿನ್ನ ಮಂಡಿಯನ್ನು ನಮ್ಮ ದೇವರು ಜುಂಜಪ್ಪ ಕಾಯಲಿ.

ನಿನ್ನ ಗಂಡ,
ಕ್ಯಾತಣ್ಣ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಹೆದರಿದ್ದೆ. ಆ ಹೆಚ್ಚಾದ ಮೂರು ತಲೆಯ ವಿಷಯ. ಆಷಾಢದ ಮಳೆ ಬಿದ್ದ ಹತ್ತು ದಿನಕ್ಕೆ ತಿಪ್ಪೆಯ ಅಂಚಿನಲ್ಲಿ ಮೂರು ಬಳ್ಳಿ ಎದ್ದವು. ನಾನು ಬಿತ್ತಿದ್ದಲ್ಲ. ಕಳೆ ಎಂದು ಕೀಳಲು ಬಗ್ಗಿದವನು ಎಲೆ ಮುಟ್ಟಿ ನೋಡಿದೆ, ಸೌತೆ ಎಲೆಯ ಹಾಗೆ ಒರಟಾಗಿ ಸುಂಕು ಸುಂಕಾಗಿತ್ತು. ಬಿಟ್ಟೆ. ಹಳದಿ ಹೂವಾಯಿತು, ಕೋಳಿಮೊಟ್ಟೆಯಷ್ಟು ಕಾಯಾಯಿತು, ಕಾಯಿಯ ಮೇಲೆ ಹಸಿರು ಗೆರೆ. ಒಂದನ್ನು ಕಿತ್ತು ತುದಿಯಿಂದಲೇ ಕಚ್ಚಿದೆ. ಕಹಿಯಿಲ್ಲ, ಪುಟ್ಟಕ್ಕ. ಸಿಪ್ಪೆ ಸಮೇತ ಪೂರ್ತಿ ತಿಂದೆ, ಎಲ್ಲೂ ಕಹಿಯಿಲ್ಲ. ನಿಮ್ಮಮ್ಮನದೇ. ಕುರಿ ತಿಂದ ಬೀಜ ಹಿಕ್ಕೆಯಲ್ಲಿ ಹೊರಗೆ ಬಂದು, ಅಂಜಿನಮೂರ್ತಿ ದಂಡ ಕಟ್ಟಿದ ಮಂಕರಿಯಲ್ಲಿ ನಮ್ಮ ಮನೆಗೇ ತಿರುಗಿ ಬಂದಿದೆ. ಅವನ ಕುರಿಗಳ ಮೇಲಿನ ಸಿಟ್ಟು ಇನ್ನು ಬಿಡು. ಬೀಜಕ್ಕೆಂದು ಏಳು ಕಾಯಿ ಬಳ್ಳಿಯಲ್ಲೇ ಬಿಟ್ಟಿದ್ದೇನೆ, ಎರಡು ಆಗಲೇ ಹಳದಿಗೆ ತಿರುಗಿವೆ. ಬೀಜವನ್ನು ಬೂದಿಯಲ್ಲಿ ಹೊರಳಿಸಬೇಕೋ, ಸೆಗಣಿಯಲ್ಲಿ ತಟ್ಟಿ ಗೋಡೆಗೆ ಅಂಟಿಸಬೇಕೋ ನನಗೆ ಗೊತ್ತಿಲ್ಲ. ಚಿಕ್ಕಹನುಮಕ್ಕನನ್ನು ಕೇಳುವುದಿಲ್ಲ. ಅದು ನಿನ್ನ ಕೈಯ ಕೆಲಸ. ಇಪ್ಪತ್ತೊಂದಕ್ಕೆ ಮಾಲಯ ಅಮಾವಾಸ್ಯೆ, ಅತ್ತೆಯ ಎಡೆಗೆ ಅವಳ ಬುಡಮೆಕಾಯಿ ಇಡಬೇಕು, ನೀನು ಇಡಬೇಕು. ಅವತ್ತು ಹಿತ್ತಲಿಗೆ ಮಂದೆ ಬಿಟ್ಟಿದ್ದು ನನ್ನ ತಪ್ಪು. ನಿನ್ನನ್ನು ಕೇಳದೆ ಬಿಟ್ಟಿದ್ದು ಅದಕ್ಕಿಂತ ತಪ್ಪು. ಕಾಗದದಲ್ಲಿ ಬರೆದಾಯಿತು, ನಾಳೆ ಇಲ್ಲ ಎನ್ನುವ ಹಾಗಿಲ್ಲ. ಬರುತ್ತೀಯೋ ಇಲ್ಲವೋ, ಹದಿನೆಂಟನೇ ತಾರೀಖಿನೊಳಗೆ ನನಗೆ ಉತ್ತರ ಬರಬೇಕು.