ತೊಗಟೆ ಸುಲಿದ ಮೇಲೆ

ಪ್ರಿಯ ಡೆಸ್ಮಂಡ್ ಅವರೇ,

ಚಳಿಗಾಲದ ಒಲೆಗೆಂದು ನೀವು ನನ್ನ ಬಾಗಿಲಲ್ಲಿ ಇಳಿಸಿಹೋದ ಕಟ್ಟಿಗೆ ಎಲ್ಮ್ ಮರದ್ದು. ಬ್ರೈಟನ್ನಿಗೆ ನೀವು ಹೊಸಬರು, ಈ ಊರಿಗೆ ಎಲ್ಮ್ ಕಟ್ಟಿಗೆ ತರಬಾರದೆಂದು ನಿಮಗೆ ಗೊತ್ತಿರಲಿಲ್ಲ. ಎಲ್ಮ್‌ಗಳನ್ನು ಕೊಲ್ಲುವ ರೋಗ ಹೊತ್ತ ದುಂಬಿ ಮರಿ ಮಾಡುವುದು ಆ ತೊಗಟೆಯಡಿಯಲ್ಲೇ. ಪಕ್ಕದ ಮನೆಯ ಐವಿ ಬೇಲಿಯಾಚೆಯಿಂದ ಕೂಗಿದಳು: "ಬೇರೆಯವ್ರು ಹೂ ತರ್ತಾರೆ, ನಿನ್ನ ಸಾಹೇಬ್ರು ಹುಳ ತಂದಿದಾರಲ್ಲೇ!"

ನಗರಸಭೆಯವರು ಕಟ್ಟಿಗೆಯನ್ನು ಒಯ್ದು ಸುಟ್ಟರು. ನಮ್ಮ ಬೀದಿಯ ಎಲ್ಮ್‌ಗಳು ಉಳಿಯುತ್ತವೆ. ಅವನ್ನು ಕಾಯುತ್ತಲೇ ನನ್ನ ಕೂದಲು ನರೆತಿದೆ, ಹಾಗಾಗಿ ಬಲ್ಲೆ.

ಎಲ್ಲಕ್ಕಿಂತ ಉದ್ದದ ತುಂಡೊಂದನ್ನು ಮಾತ್ರ ಕೇಳಿ ಉಳಿಸಿಕೊಂಡೆ. ಅವರೆದುರೇ ತೊಗಟೆಯನ್ನೆಲ್ಲ ಸುಲಿದು ಕೊಟ್ಟೆ; ಸುಲಿದ ಮರದಿಂದ ಅಪಾಯವಿಲ್ಲ. ಭಾನುವಾರ ಉಳಿ ಹಿಡಿದು ಬನ್ನಿ, ಬೆಂಚು ಮಾಡೋಣ. ಒತ್ತಿಕೊಂಡು ಕುಳಿತರೆ ಇಬ್ಬರಿಗೆ ಸಾಕು.

ನಿಮ್ಮ
ಹಿಲರಿ